ವಿಶ್ವವಿದ್ಯಾಲಯಗಳ ಮಾಹಿತಿ ತಂತ್ರಜ್ಞಾನ ವಿಭಾಗಗಳಿಂದ ಪ್ರಾಜೆಕ್ಟ್ ನೆರವು ಕೋರುವ ವಿಧಾನ: ಮಾಗೋಡು ಹಾಗೂ ಸುತ್ತಲಿನ ಗ್ರಾಮಗಳ ಸಾರ್ವಜನಿಕರಿಗೆ ಮಾಹಿತಿ

ಗ್ರಾಮ ಪಂಚಾಯಿತಿಗಳು, ಸಹಕಾರಿ ಸಂಘಗಳು, ಸ್ವಸಹಾಯ ಗುಂಪುಗಳು ಹಾಗೂ ಸಾರ್ವಜನಿಕರು ತಮ್ಮ ಊರಿನ ಕೆಲಸಕ್ಕೆ ಬೇಕಾದ ಗಣಕ ತಂತ್ರಾಂಶ, ಮೊಬೈಲ್ ಆ್ಯಪ್ ಅಥವಾ ಅಳತೆಯ ಉಪಕರಣವನ್ನು ರೂಪಿಸಿಕೊಳ್ಳಲು ವಿಶ್ವವಿದ್ಯಾಲಯಗಳ ಹಾಗೂ ಇಂಜಿನಿಯರಿಂಗ್ ಕಾಲೇಜುಗಳ ಗಣಕ ವಿಜ್ಞಾನ ಮತ್ತು ಮಾಹಿತಿ ತಂತ್ರಜ್ಞಾನ ವಿಭಾಗಗಳ ನೆರವನ್ನು ಕೋರಬಹುದಾಗಿದೆ. ಈ ವಿಭಾಗಗಳ ಅಂತಿಮ ವರ್ಷದ ವಿದ್ಯಾರ್ಥಿಗಳು ಪದವಿಯ ಅಂಗವಾಗಿ ಒಂದು ಪ್ರಾಜೆಕ್ಟ್ ಪೂರೈಸುವುದು ಕಡ್ಡಾಯವಾಗಿರುತ್ತದೆ. ಅದರ ವಿಷಯವನ್ನು ಹೊರಗಿನ ಸಂಸ್ಥೆ ಅಥವಾ ವ್ಯಕ್ತಿ ಸೂಚಿಸಲು ಅವಕಾಶವಿದೆ. ಇಲ್ಲಿ ಪ್ರಾಜೆಕ್ಟ್ ಎಂದರೆ ವಿದ್ಯಾರ್ಥಿಗಳ ಈ ಕೆಲಸವೇ ಹೊರತು ಅನುದಾನ ನೀಡುವ ಸರ್ಕಾರಿ ಯೋಜನೆಯಲ್ಲ ಎಂಬುದನ್ನು ಸಾರ್ವಜನಿಕರು ಗಮನಿಸಬೇಕು.

ಯಲ್ಲಾಪುರ ತಾಲೂಕಿನ ಮಾಗೋಡು ಜಲಪಾತದ ಹೆಸರಿನಿಂದ ನಾಡಿಗೆ ಪರಿಚಿತ. ಧಾರವಾಡ, ಹುಬ್ಬಳ್ಳಿ ಕಡೆಯಿಂದ ಹರಿದುಬರುವ ಬೇಡ್ತಿ ನದಿ ಇಲ್ಲಿ ಸುಮಾರು 200 ಮೀಟರ್ ಆಳದ ಕಣಿವೆಗೆ ಧುಮುಕಿ, ಮುಂದೆ ಗಂಗಾವಳಿ ಎಂಬ ಹೆಸರಿನಿಂದ ಸಮುದ್ರ ಸೇರುತ್ತದೆ. ಅಡಿಕೆ ತೋಟಗಳು, ಅಲ್ಲಲ್ಲಿ ಚದುರಿದ ಮನೆಗಳು, ಮಳೆಗಾಲದಲ್ಲಿ ಕೈಕೊಡುವ ವಿದ್ಯುತ್ತು, ಗುಡ್ಡದ ಒಂದು ಮಗ್ಗುಲಿನಲ್ಲಿ ಸಿಕ್ಕಿ ಇನ್ನೊಂದು ಮಗ್ಗುಲಿನಲ್ಲಿ ಸಿಗದ ಮೊಬೈಲ್ ಸಂಪರ್ಕ ಇವು ಈ ಭಾಗದ ಗ್ರಾಮಗಳ ಸಾಮಾನ್ಯ ಸ್ಥಿತಿ. ನಗರದ ಪ್ರಯೋಗಾಲಯದಲ್ಲಿ ಸರಿಯಾಗಿ ನಡೆದ ತಂತ್ರಾಂಶವು ಇಂತಹ ಊರಿನಲ್ಲಿ ಮೊದಲ ಮಳೆಗೇ ನಿಂತುಹೋಗುವ ಸಂಭವವಿರುತ್ತದೆ. ಆದುದರಿಂದ ಮನವಿಯನ್ನು ಯಾರಿಗೆ, ಯಾವಾಗ, ಏನೆಂದು ಬರೆಯಬೇಕೆಂಬುದನ್ನು ಮುಂದೆ ವಿವರಿಸಲಾಗಿದೆ.

ಯಾರಿಗೆ ಬರೆಯಬೇಕು

ವಿಶ್ವವಿದ್ಯಾಲಯಗಳಲ್ಲಿ ಗಣಕಕ್ಕೆ ಸಂಬಂಧಿಸಿದ ಎರಡು ಬಗೆಯ ಘಟಕಗಳಿರುತ್ತವೆ. ಒಂದು, ಆ ಸಂಸ್ಥೆಯ ಅಂತರ್ಜಾಲ ವ್ಯವಸ್ಥೆ, ಪರೀಕ್ಷಾ ಫಲಿತಾಂಶ, ಜಾಲತಾಣ ಇತ್ಯಾದಿಗಳನ್ನು ನೋಡಿಕೊಳ್ಳುವ ಗಣಕ ಕೇಂದ್ರ ಅಥವಾ ಐ.ಟಿ. ಘಟಕ. ಇನ್ನೊಂದು, ಬೋಧನೆ ನಡೆಸುವ ವಿಭಾಗ. ಪ್ರಾಜೆಕ್ಟ್‌ಗೆ ವಿದ್ಯಾರ್ಥಿಗಳೂ ಮಾರ್ಗದರ್ಶಕರೂ ದೊರೆಯುವುದು ಎರಡನೆಯದರಲ್ಲಿ ಮಾತ್ರ. ಹೆಸರಿನಲ್ಲಿ ಮಾಹಿತಿ ತಂತ್ರಜ್ಞಾನ ಎಂದಿರುವ ಕಾರಣಕ್ಕೆ ಗಣಕ ಕೇಂದ್ರಕ್ಕೆ ಕಳುಹಿಸಿದ ಪತ್ರವು ಅಲ್ಲಿಯೇ ಉಳಿದುಬಿಡಬಹುದು. ಪತ್ರವನ್ನು ಬೋಧನಾ ವಿಭಾಗದ ಮುಖ್ಯಸ್ಥರ ಹೆಸರಿಗೆ ಬರೆದು, ಪ್ರಾಂಶುಪಾಲರಿಗೆ ಅಥವಾ ಕುಲಸಚಿವರಿಗೆ ಪ್ರತಿ ಕಳುಹಿಸುವುದು ಸೂಕ್ತ.

ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 1998ರಲ್ಲಿ ಸ್ಥಾಪನೆಯಾಗಿದ್ದು, ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳು ಅದರ ಸಂಯೋಜನೆಗೆ ಒಳಪಟ್ಟಿವೆ. ಪ್ರಾಜೆಕ್ಟ್‌ನ ಮಟ್ಟಿಗೆ ಬೆಳಗಾವಿಗೆ ಬರೆಯುವ ಅಗತ್ಯವಿಲ್ಲ. ನೇರವಾಗಿ ಕಾಲೇಜಿಗೇ ಬರೆಯಬೇಕು. ಉತ್ತರ ಕನ್ನಡ ಜಿಲ್ಲೆಯೊಳಗೆ ಹಳಿಯಾಳದ ಕೆ.ಎಲ್.ಎಸ್. ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ಮಹಾವಿದ್ಯಾಲಯ ಹಾಗೂ ಕಾರವಾರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಈ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಯಲ್ಲಾಪುರದಿಂದ ಸುಮಾರು 70 ಕಿ.ಮೀ. ದೂರದ ಹುಬ್ಬಳ್ಳಿಯಲ್ಲಿ, ಹಿಂದೆ ಬಿ.ವಿ.ಬಿ. ಕಾಲೇಜೆಂದು ಪ್ರಸಿದ್ಧವಾಗಿದ್ದ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವೂ, ಧಾರವಾಡದಲ್ಲಿ ಎಸ್.ಡಿ.ಎಂ. ಇಂಜಿನಿಯರಿಂಗ್ ಕಾಲೇಜು, ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಮತ್ತು ಕರ್ನಾಟಕ ವಿಶ್ವವಿದ್ಯಾಲಯದ ಗಣಕ ವಿಜ್ಞಾನ ವಿಭಾಗಗಳೂ ಇವೆ.

ಬೇಡಿಕೆ ಸಣ್ಣದಾಗಿದ್ದಲ್ಲಿ ಇಷ್ಟು ದೂರ ಹೋಗಬೇಕಾಗಿಲ್ಲ. ಸದಸ್ಯರ ಪಟ್ಟಿಯನ್ನು ಗಣಕಕ್ಕೆ ಏರಿಸಿ ಹುಡುಕುವಂತೆ ಮಾಡುವುದು, ದಾಸ್ತಾನಿನ ಲೆಕ್ಕ ಇಡುವುದು ಮೊದಲಾದ ಕೆಲಸಗಳನ್ನು ಹತ್ತಿರದ ಪದವಿ ಕಾಲೇಜುಗಳ ಬಿ.ಸಿ.ಎ. ವಿದ್ಯಾರ್ಥಿಗಳು ಸಮರ್ಪಕವಾಗಿ ಮಾಡಬಲ್ಲರು. ಹತ್ತಿರದ ವಿದ್ಯಾರ್ಥಿ ಮೂರು ಸಲ ಊರಿಗೆ ಬಂದುಹೋಗುವುದು ದೂರದ ದೊಡ್ಡ ಸಂಸ್ಥೆಯ ಹೆಸರಿಗಿಂತ ಹೆಚ್ಚು ಉಪಯುಕ್ತ.

ಇದಲ್ಲದೆ, ಕೇಂದ್ರ ಸರ್ಕಾರವು 2014ರಲ್ಲಿ ಆರಂಭಿಸಿದ ಉನ್ನತ ಭಾರತ ಅಭಿಯಾನದ ಅಡಿಯಲ್ಲಿ ಭಾಗವಹಿಸುವ ಉನ್ನತ ಶಿಕ್ಷಣ ಸಂಸ್ಥೆಗಳು ಕನಿಷ್ಠ ಐದು ಗ್ರಾಮಗಳನ್ನು ದತ್ತು ಪಡೆಯುತ್ತವೆ. ತಮ್ಮ ಗ್ರಾಮವು ಯಾವುದಾದರೂ ಸಂಸ್ಥೆಯ ಪಟ್ಟಿಯಲ್ಲಿದೆಯೇ ಎಂಬುದನ್ನು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮನವಿಗೆ ಮೊದಲು ಪರಿಶೀಲಿಸಬೇಕಾದುದು

ಈಗಾಗಲೇ ಇರುವುದನ್ನೇ ಮತ್ತೊಮ್ಮೆ ಮಾಡಿಸುವುದರಿಂದ ವಿದ್ಯಾರ್ಥಿಗಳ ಒಂದು ವರ್ಷವೂ ಊರಿನವರ ತಾಳ್ಮೆಯೂ ವ್ಯರ್ಥವಾಗುತ್ತವೆ. ಪಹಣಿ ಪತ್ರಿಕೆಯು 2001ರ ಸುಮಾರಿಗೆ ಜಾರಿಗೆ ಬಂದ ಭೂಮಿ ವ್ಯವಸ್ಥೆಯಲ್ಲಿ ದೊರೆಯುತ್ತಿದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಲೆಕ್ಕಪತ್ರಕ್ಕಾಗಿ ಕೇಂದ್ರ ಸರ್ಕಾರವು 2022ರ ಜೂನ್ ತಿಂಗಳಲ್ಲಿ ದೇಶದ 63,000 ಸಂಘಗಳ ಗಣಕೀಕರಣಕ್ಕೆ ಅನುಮೋದನೆ ನೀಡಿದೆ. ಆ ಸಂಘಗಳು ಸಾಲ, ಠೇವಣಿಗಳ ತಂತ್ರಾಂಶವನ್ನು ವಿದ್ಯಾರ್ಥಿಗಳಿಂದ ಬೇರೆಯಾಗಿ ಬರೆಸುವುದು ಸೂಕ್ತವಲ್ಲ. ಮಳೆಯ ಅಳತೆಗೂ ಇದೇ ಮಾತು ಅನ್ವಯಿಸುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ದೂರಸಂವೇದಿ ಮಳೆಮಾಪಕಗಳನ್ನು ಅಳವಡಿಸಿದೆ. ಆದರೆ ಆ ಮಾಪಕವು ಪಂಚಾಯಿತಿಯ ಒಂದೇ ಜಾಗದ ಮಳೆಯನ್ನು ಹೇಳುತ್ತದೆ. ಗುಡ್ಡದ ಆಚೆಯ ಕೇರಿಯ ಮಳೆ ಬೇರೆಯಾಗಿರಬಹುದು. ತೋಟದಲ್ಲಿ ಸ್ವಂತ ಮಳೆಮಾಪಕವಿಟ್ಟು ದಿನವಹಿ ಬರೆದಿಡುವ ಬೆಳೆಗಾರರ ಲೆಕ್ಕವನ್ನು ಒಂದೆಡೆ ಸೇರಿಸಿ ಆ ಕೊರತೆಯನ್ನು ತುಂಬಲು ಸಾಧ್ಯವಿದ್ದಲ್ಲಿ ಅದು ಪ್ರಾಜೆಕ್ಟ್‌ಗೆ ಯೋಗ್ಯ ವಿಷಯವಾಗುತ್ತದೆ.

ಒಂದು ವಿಷಯದಲ್ಲಿ ಎಚ್ಚರಿಕೆ ಅಗತ್ಯ. 2021ರ ಜುಲೈ ತಿಂಗಳ ಅತಿವೃಷ್ಟಿಯಲ್ಲಿ ಇದೇ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟ ಹಾಗೂ ರಸ್ತೆಗಳು ನಾಶವಾದವು. ಅಂದಿನಿಂದ ಭೂಕುಸಿತದ ಮುನ್ನೆಚ್ಚರಿಕೆ ನೀಡುವ ಉಪಕರಣ ಬೇಕೆಂಬ ಅಪೇಕ್ಷೆ ಈ ಭಾಗದಲ್ಲಿ ಸಹಜವಾದುದೇ. ವಿದ್ಯಾರ್ಥಿಗಳು ಮಳೆ, ತೇವಾಂಶಗಳನ್ನು ದಾಖಲಿಸುವ ಉಪಕರಣವನ್ನು ಮಾಡಬಹುದು. ಆದರೆ ಮನೆ ಬಿಟ್ಟು ಹೊರಡಬೇಕೇ ಎಂಬ ನಿರ್ಧಾರವನ್ನು ಅಂತಹ ಉಪಕರಣದ ಮೇಲೆ ಬಿಡತಕ್ಕದ್ದಲ್ಲ. ಉಪಕರಣ ಮೌನವಾಗಿದೆ ಎಂದು ಅಪಾಯದ ಜಾಗದಲ್ಲಿ ಉಳಿಯುವುದು ಉಪಕರಣವೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಇಂತಹ ಸಂದರ್ಭದಲ್ಲಿ ಜಿಲ್ಲಾಡಳಿತದ ಸೂಚನೆಯನ್ನೇ ಪಾಲಿಸಬೇಕು. ತುರ್ತು ಸಂದರ್ಭದಲ್ಲಿ 1077 ಅಥವಾ 112 ಸಂಖ್ಯೆಗೆ ಕರೆ ಮಾಡಬೇಕು.

ಸಮಸ್ಯೆಯನ್ನು ಬರೆಯುವ ಬಗೆ

"ನಮ್ಮ ಊರಿಗೆ ಒಂದು ಆ್ಯಪ್ ಮಾಡಿಕೊಡಿ" ಎಂಬ ಮನವಿಯಿಂದ ವಿಭಾಗಕ್ಕೆ ಏನೂ ತಿಳಿಯುವುದಿಲ್ಲ. ಯಾವ ಕೆಲಸ ಈಗ ಹೇಗೆ ನಡೆಯುತ್ತಿದೆ, ಎಲ್ಲಿ ತಡೆಯಾಗುತ್ತಿದೆ, ಆ ತಡೆಯಿಂದ ಆಗುವ ನಷ್ಟವೇನು ಎಂಬುದನ್ನು ಬರೆಯಬೇಕು. ಪರಿಹಾರವನ್ನು ಯೋಚಿಸುವುದು ವಿದ್ಯಾರ್ಥಿಗಳ ಮತ್ತು ಮಾರ್ಗದರ್ಶಕರ ಕೆಲಸ. ಅದನ್ನು ಅರ್ಜಿದಾರರೇ ನಿರ್ಧರಿಸಿ ಬರೆಯುವ ಅಗತ್ಯವಿಲ್ಲ.

ಈ ಭಾಗದ ಒಂದು ಉದಾಹರಣೆಯನ್ನು ನೋಡಬಹುದು. ಅಡಿಕೆಗೆ ಮಳೆಗಾಲದಲ್ಲಿ ತಗಲುವ ಕೊಳೆರೋಗವನ್ನು ತಡೆಯಲು ಶೇ. 1ರ ಬೋರ್ಡೊ ದ್ರಾವಣವನ್ನು, ಅಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ ಮತ್ತು 1 ಕೆ.ಜಿ. ಸುಣ್ಣದ ಪ್ರಮಾಣದಲ್ಲಿ ತಯಾರಿಸಿದ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುತ್ತಾರೆ. ಮೊದಲ ಸಿಂಪಡಣೆ ಮುಂಗಾರಿನ ಆರಂಭಕ್ಕೆ, ಎರಡನೆಯದು ಅಲ್ಲಿಂದ 40ರಿಂದ 45 ದಿನಗಳಿಗೆ. ಮಳೆ ಮುಂದುವರಿದರೆ ಮೂರನೆಯದೂ ಬೇಕಾಗುತ್ತದೆ. ಗೊನೆಯ ಮೇಲೆ ದ್ರಾವಣ ಒಣಗುವಷ್ಟು ಹೊಳವು ಸಿಗಬೇಕು. ಮರ ಹತ್ತಬಲ್ಲ ಕೊನೆಗೌಡರ ಸಂಖ್ಯೆ ಕಡಿಮೆಯಾಗುತ್ತಿದ್ದು, ಒಬ್ಬರೇ ಹಲವು ತೋಟಗಳ ಕೆಲಸವನ್ನು ಒಪ್ಪಿಕೊಂಡಿರುತ್ತಾರೆ. ಮಳೆ ಹೊಳವಾದ ದಿನ ಎಲ್ಲರಿಗೂ ಅವರು ಒಮ್ಮೆಲೇ ಬೇಕು. ಯಾರ ತೋಟದ ಸಿಂಪಡಣೆ ಎಂದು ಆಗಿತ್ತು, ಈಗ ಯಾರ ಸರದಿ ಎಂಬುದು ಕೊನೆಗೌಡರ ನೆನಪಿನಲ್ಲಿಯೋ ಯಾರದೋ ಮನೆಯ ಡೈರಿಯಲ್ಲಿಯೋ ಇರುತ್ತದೆ. ಒಂದು ವಾರ ತಡವಾದ ತೋಟದಲ್ಲಿ ಕಾಯಿ ಉದುರಲು ತೊಡಗಿದರೆ ಆ ವರ್ಷದ ಬೆಳೆಯಲ್ಲಿ ಮರಳಿ ಪಡೆಯುವಂಥದ್ದು ಏನೂ ಉಳಿಯುವುದಿಲ್ಲ.

ಇಷ್ಟನ್ನು ಒಂದು ಪುಟದಲ್ಲಿ ಬರೆದು, ಎಷ್ಟು ತೋಟಗಳು, ಎಷ್ಟು ಜನ ಕೊನೆಗೌಡರು, ಯಾರ ಬಳಿ ಯಾವ ಬಗೆಯ ಮೊಬೈಲ್ ಇದೆ, ಯಾವ ಕೇರಿಯಲ್ಲಿ ಸಂಪರ್ಕ ಸಿಗುವುದಿಲ್ಲ ಎಂಬ ವಿವರಗಳನ್ನು ಸೇರಿಸಿದರೆ ಅದು ಉತ್ತಮ ಮನವಿಯಾಗುತ್ತದೆ. ಸಂಪರ್ಕವಿಲ್ಲದ ಕೇರಿಗಳನ್ನು ಮುಚ್ಚಿಡಬಾರದು. ಅಂತರ್ಜಾಲ ಇಲ್ಲದಿದ್ದಾಗಲೂ ಬರೆದುಕೊಂಡು, ಸಂಪರ್ಕ ದೊರೆತಾಗ ಕಳುಹಿಸುವಂತೆ ತಂತ್ರಾಂಶವನ್ನು ರೂಪಿಸಲು ಸಾಧ್ಯವಿದೆ; ಆದರೆ ಇದು ಮೊದಲೇ ತಿಳಿದಿದ್ದರೆ ಮಾತ್ರ. ಅಂತೆಯೇ ಆ್ಯಪ್ ಬಳಸಲಾಗದ ಸಾದಾ ಮೊಬೈಲ್‌ನವರಿಗೆ ಕರೆಯ ಮೂಲಕವೋ ಕಿರು ಸಂದೇಶದ ಮೂಲಕವೋ ವಿಷಯ ತಲುಪಬೇಕೆಂದಿದ್ದಲ್ಲಿ ಅದನ್ನೂ ನಮೂದಿಸಬೇಕು. ಕೊನೆಗೌಡರನ್ನು ಕೇಳದೆ ಅವರ ಸರದಿಯ ತಂತ್ರಾಂಶವನ್ನು ಮಾಡಿಸುವುದು ನಿರರ್ಥಕ. ಅವರಿಗೆ ಒಪ್ಪಿಗೆಯಾಗದ ಪಟ್ಟಿಯನ್ನು ಅವರು ಅನುಸರಿಸಲಾರರು.

ಹಳೆಯ ದಾಖಲೆಗಳ ಬಗ್ಗೆ ಒಂದು ಮಾತು. ಸಂಘಗಳ ಗಣಕದಲ್ಲಿರುವ ಹಳೆಯ ಕನ್ನಡ ಕಡತಗಳು ಬಹುತೇಕ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿರುತ್ತವೆ. ಅವು ಯೂನಿಕೋಡ್‌ನಲ್ಲಿ ಇಲ್ಲದ ಕಾರಣ ಹೊಸ ತಂತ್ರಾಂಶದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಿಸುತ್ತವೆ. ಪರಿವರ್ತನೆಗೆ ಸಾಧನಗಳಿವೆಯಾದರೂ ಒತ್ತಕ್ಷರಗಳಲ್ಲಿ ತಪ್ಪು ಉಳಿಯುವುದುಂಟು. ಹೆಸರುಗಳ ಪಟ್ಟಿಯನ್ನು ಊರಿನವರೇ ಕುಳಿತು ಓದಿ ತಿದ್ದಬೇಕಾಗುತ್ತದೆ. ಕಡತ ಯಾವ ಬಗೆಯಲ್ಲಿದೆ ಎಂದು ತಿಳಿಸಿ ಒಂದು ಪುಟದ ಮಾದರಿಯನ್ನು ಮನವಿಯೊಂದಿಗೆ ಲಗತ್ತಿಸುವುದು ಒಳಿತು.

ಯಾವಾಗ ಸಲ್ಲಿಸಬೇಕು

ಮನವಿಗಳು ಫಲಿಸುವುದೂ ವಿಫಲವಾಗುವುದೂ ಹೆಚ್ಚಾಗಿ ಈ ಅಂಶದಿಂದಲೇ. ಕಾಲೇಜುಗಳಲ್ಲಿ ಅಂತಿಮ ವರ್ಷವು ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಆರಂಭವಾಗಿ, ಮರುವರ್ಷದ ಮೇ, ಜೂನ್ ವೇಳೆಗೆ ಪ್ರಾಜೆಕ್ಟ್‌ನ ಮೌಖಿಕ ಪರೀಕ್ಷೆ ಮುಗಿಯುತ್ತದೆ. ಮುಂಗಾರು ಜೂನ್ ಮೊದಲ ಅಥವಾ ಎರಡನೆಯ ವಾರದಲ್ಲಿ ಘಟ್ಟವನ್ನು ತಲುಪುತ್ತದೆ. ಅಂದರೆ ಮಳೆಗಾಲದ ಕೆಲಸಕ್ಕೆಂದು ಮಾಡಿದ ತಂತ್ರಾಂಶವನ್ನು ಮಳೆ ಕಾಣದ ತಿಂಗಳುಗಳಲ್ಲಿ ಬರೆದು, ಮಳೆ ಕಾಣದೆ ಪರೀಕ್ಷಿಸಿ, ಮೊದಲ ಮಳೆಯ ದಿನ ವಿದ್ಯಾರ್ಥಿಗಳು ಉದ್ಯೋಗಕ್ಕೆಂದು ಬೆಂಗಳೂರಿಗೆ ಹೊರಟಿರುತ್ತಾರೆ. ತಂತ್ರಾಂಶ ಕೆಟ್ಟಾಗ ಕೇಳಲು ಯಾರೂ ಇರುವುದಿಲ್ಲ. ಇದು ವಿದ್ಯಾರ್ಥಿಗಳ ದೋಷವಲ್ಲ.

ಆದುದರಿಂದ ಮಳೆಗಾಲಕ್ಕೆ ಸಂಬಂಧಿಸಿದ ಮನವಿಯನ್ನು ಜನವರಿಯಿಂದ ಮಾರ್ಚ್ ಒಳಗಾಗಿ, ವಿದ್ಯಾರ್ಥಿಗಳು ಇನ್ನೂ ಮೂರನೆಯ ವರ್ಷದಲ್ಲಿರುವಾಗಲೇ ಸಲ್ಲಿಸುವುದು ಲೇಸು. ಆಗ ಅವರು ಜುಲೈ ಅಥವಾ ಆಗಸ್ಟ್‌ನಲ್ಲಿ ಒಮ್ಮೆ ಊರಿಗೆ ಬಂದು, ಮಳೆಯ ನಡುವೆ ಕೆಲಸ ಹೇಗೆ ನಡೆಯುತ್ತದೆಂಬುದನ್ನು ಕಣ್ಣಾರೆ ನೋಡಿ ಹೋಗಬಹುದು. ಮೇಲಿನ ಉದಾಹರಣೆಯಲ್ಲಿ ಇನ್ನೊಂದು ಅನುಕೂಲವೂ ಇದೆ. ಕೊನೆಗೌಡರ ಸರದಿ ಔಷಧ ಸಿಂಪಡಣೆಗೆ ಮಾತ್ರವಲ್ಲ, ಚಳಿಗಾಲದ ಕೊನೆಕೊಯ್ಲಿಗೂ ಬೇಕು. ತಂತ್ರಾಂಶವನ್ನು ಕೊಯ್ಲಿನ ಕಾಲದಲ್ಲಿ ಮೊದಲು ಬಳಸಿ ನೋಡಿದರೆ ದೋಷಗಳನ್ನು ತಿದ್ದಲು ಬೇಸಿಗೆಯ ತಿಂಗಳುಗಳು ಉಳಿಯುತ್ತವೆ. ಮುಂದಿನ ಜೂನ್, ಜುಲೈಗಳ ಬಳಕೆಯನ್ನು ಕಿರಿಯ ತಂಡವೊಂದು ತನ್ನ ಪ್ರಾಜೆಕ್ಟ್‌ನ ಮೊದಲ ಹಂತವಾಗಿ ವಹಿಸಿಕೊಳ್ಳಬಹುದೇ ಎಂದು ಮಾರ್ಗದರ್ಶಕರನ್ನು ಆರಂಭದಲ್ಲಿಯೇ ಕೇಳಬೇಕು. ವಿದ್ಯಾರ್ಥಿಗಳು ಬದಲಾಗುತ್ತಾರೆ, ಮಾರ್ಗದರ್ಶಕರು ಉಳಿಯುತ್ತಾರೆ. ಒಪ್ಪಂದವನ್ನು ಉಳಿಯುವವರೊಂದಿಗೆ ಮಾಡಿಕೊಳ್ಳಬೇಕು.

ಮನವಿಯ ಮಾದರಿ

ಇದಕ್ಕೆ ನಿಗದಿತ ನಮೂನೆಯಾಗಲಿ ಶುಲ್ಕವಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಬಿಳಿ ಹಾಳೆಯಲ್ಲಿ ಅಥವಾ ಸಂಘದ ಪತ್ರಶೀರ್ಷಿಕೆಯಲ್ಲಿ ಈ ಕೆಳಗಿನಂತೆ ಬರೆಯಬಹುದು.

ಇವರಿಗೆ,
ವಿಭಾಗದ ಮುಖ್ಯಸ್ಥರು, ಮಾಹಿತಿ ವಿಜ್ಞಾನ ವಿಭಾಗ, ............ ಕಾಲೇಜು, ............

ಮಾನ್ಯರೇ,

ವಿಷಯ: ಅಡಿಕೆ ತೋಟಗಳ ಔಷಧ ಸಿಂಪಡಣೆ ಹಾಗೂ ಕೊನೆಕೊಯ್ಲಿನ ಸರದಿ ನಿರ್ವಹಣೆಗೆ ವಿದ್ಯಾರ್ಥಿ ಪ್ರಾಜೆಕ್ಟ್ ನೆರವು ಕೋರಿ.

ಯಲ್ಲಾಪುರ ತಾಲೂಕು ............ ಗ್ರಾಮದ ............ ತೋಟಗಳ ಬೆಳೆಗಾರರಾದ ನಾವು ............ ಜನ ಕೊನೆಗೌಡರ ನೆರವಿನಿಂದ ಮಳೆಗಾಲದ ಸಿಂಪಡಣೆಯನ್ನು ನಡೆಸುತ್ತಿದ್ದೇವೆ. ಸರದಿಯ ಲೆಕ್ಕವು ಒಂದೆಡೆ ಇಲ್ಲದ ಕಾರಣ ಕೆಲವು ತೋಟಗಳಿಗೆ ಸಕಾಲದಲ್ಲಿ ಸಿಂಪಡಣೆ ಆಗುತ್ತಿಲ್ಲ. ಈಗಿನ ಕ್ರಮದ ವಿವರ, ಕಳೆದ ಎರಡು ವರ್ಷಗಳ ಸಿಂಪಡಣೆಯ ದಿನಾಂಕಗಳು ಹಾಗೂ ಮೊಬೈಲ್ ಸಂಪರ್ಕದ ಸ್ಥಿತಿಯನ್ನು ಲಗತ್ತಿಸಿದೆ. ವಿದ್ಯಾರ್ಥಿಗಳು ಗ್ರಾಮಕ್ಕೆ ಬಂದಾಗ ವಸತಿ ಮತ್ತು ಊಟದ ವ್ಯವಸ್ಥೆಯನ್ನು ನಾವು ಮಾಡುತ್ತೇವೆ. ನಮ್ಮ ಪರವಾಗಿ ............ ಇವರು ವರ್ಷವಿಡೀ ಸಂಪರ್ಕದಲ್ಲಿರುತ್ತಾರೆ. ವಿಷಯವು ತಮ್ಮ ವಿಭಾಗಕ್ಕೆ ಯೋಗ್ಯವೆನಿಸಿದಲ್ಲಿ ಬರುವ ಶೈಕ್ಷಣಿಕ ವರ್ಷದ ಪ್ರಾಜೆಕ್ಟ್ ಆಗಿ ಪರಿಗಣಿಸಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
(ಸಹಿ)

ಸಂಘ ಅಥವಾ ಪಂಚಾಯಿತಿಯ ಪರವಾಗಿ ಸಲ್ಲಿಸುವಾಗ ಸಭೆಯ ಠರಾವಿನ ಪ್ರತಿಯನ್ನು ಲಗತ್ತಿಸಬೇಕು. ಸಂಪರ್ಕದ ವ್ಯಕ್ತಿಯಾಗಿ ಅಧ್ಯಕ್ಷರ ಹೆಸರನ್ನು ಗೌರವಕ್ಕಾಗಿ ಹಾಕುವುದು ರೂಢಿ. ಆದರೆ ವಿದ್ಯಾರ್ಥಿಗಳ ಕರೆಗೆ ಉತ್ತರಿಸಲು ಬಿಡುವುಳ್ಳವರ ಹೆಸರೇ ಅಲ್ಲಿರಬೇಕು.

ವೆಚ್ಚ

ವಿದ್ಯಾರ್ಥಿಗಳ ಶ್ರಮಕ್ಕೆ ಹಣ ಕೊಡಬೇಕಾಗಿಲ್ಲವೆಂದು ಇತರ ವೆಚ್ಚವೂ ಇಲ್ಲವೆಂದು ಭಾವಿಸಬಾರದು. ಉಪಕರಣಗಳು, ಪ್ರಯಾಣ, ದತ್ತಾಂಶ ಇಡುವ ಸರ್ವರ್‌ನ ವಾರ್ಷಿಕ ಬಾಡಿಗೆ ಮೊದಲಾದವನ್ನು ಯಾರು ಭರಿಸುವರೆಂಬುದು ಮೊದಲೇ ನಿಶ್ಚಯವಾಗಬೇಕು. 1975ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕಾರ್ಯನಿರ್ವಹಿಸುತ್ತಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು, 1970ರ ದಶಕದ ಕೊನೆಯಿಂದ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮವನ್ನು ನಡೆಸುತ್ತಿದೆ. ಆಯ್ಕೆಯಾದ ಇಂಜಿನಿಯರಿಂಗ್ ಪ್ರಾಜೆಕ್ಟ್‌ಗಳಿಗೆ ಅದು ಅಲ್ಪ ಪ್ರಮಾಣದ ಧನಸಹಾಯ ನೀಡುತ್ತದೆ. ಪ್ರಸ್ತಾವವನ್ನು ಕಾಲೇಜಿನ ಮೂಲಕವೇ ಸಲ್ಲಿಸಬೇಕಾಗಿದ್ದು, ಸಾರ್ವಜನಿಕರು ನೇರವಾಗಿ ಅರ್ಜಿ ಹಾಕುವ ಕ್ರಮವಿಲ್ಲ. ಊರಿನ ಮನವಿ ಪತ್ರ ಹಾಗೂ ಠರಾವು ಕೈಯಲ್ಲಿದ್ದರೆ ಪ್ರಸ್ತಾವಕ್ಕೆ ಅದು ಬಲವಾದ ಆಧಾರವಾಗುತ್ತದೆ.

ಸಾಮೂಹಿಕ ಕಿರು ಸಂದೇಶಗಳನ್ನು ಕಳುಹಿಸುವ ಉದ್ದೇಶವಿದ್ದಲ್ಲಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಾವಳಿಯಂತೆ ಕಳುಹಿಸುವ ಸಂಸ್ಥೆಯು ದೂರಸಂಪರ್ಕ ಕಂಪನಿಗಳ ಡಿ.ಎಲ್.ಟಿ. ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡು, ಸಂದೇಶದ ಒಕ್ಕಣೆಗೂ ಅನುಮೋದನೆ ಪಡೆಯಬೇಕು. ಇದನ್ನು ಅರಿಯದೆ ವಿದ್ಯಾರ್ಥಿಯೊಬ್ಬರ ಸ್ವಂತ ಸಿಮ್‌ನಿಂದ ಸಂದೇಶ ಕಳುಹಿಸುವ ವ್ಯವಸ್ಥೆ ಮಾಡಿದರೆ ಅದು ಹೆಚ್ಚು ದಿನ ನಡೆಯುವುದಿಲ್ಲ.

ಹಸ್ತಾಂತರ ಹಾಗೂ ಹಕ್ಕುಗಳು

1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಗಣಕ ತಂತ್ರಾಂಶವು ಸಾಹಿತ್ಯ ಕೃತಿಯ ವ್ಯಾಖ್ಯೆಯಲ್ಲಿ ಸೇರುತ್ತದೆ. ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಅದರ ಹಕ್ಕು ಬರೆದವರದಾಗಿರುತ್ತದೆ. ಕೆಲವು ವಿಶ್ವವಿದ್ಯಾಲಯಗಳು ಈ ಬಗ್ಗೆ ತಮ್ಮದೇ ನಿಯಮಗಳನ್ನು ಹೊಂದಿವೆ. ಮನವಿ ಸಲ್ಲಿಸಿದ ಮಾತ್ರಕ್ಕೆ ತಂತ್ರಾಂಶವು ಊರಿನ ಸ್ವತ್ತಾಗುವುದಿಲ್ಲ. ಹಕ್ಕಿನ ವರ್ಗಾವಣೆಯು ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ವರ್ಗಾವಣೆಯು 5 ವರ್ಷಗಳಿಗೆ ಮಾತ್ರ ಎಂದು ಭಾವಿಸಲಾಗುತ್ತದೆ. ಹಕ್ಕಿನ ಪೂರ್ಣ ವರ್ಗಾವಣೆ ಬೇಡವಾದಲ್ಲಿ, ಬಳಸಲು ಮತ್ತು ಬೇರೆಯವರಿಂದ ತಿದ್ದಿಸಲು ಅನುಮತಿ ನೀಡುವ ಒಂದು ಪತ್ರವಾದರೂ ಕೈಯಲ್ಲಿರಬೇಕು.

ತಂತ್ರಾಂಶದ ಮೂಲ ಸಂಕೇತ, ಬಳಕೆಯ ಕನ್ನಡ ಕೈಪಿಡಿ ಮತ್ತು ಎಲ್ಲ ಗುಪ್ತಪದಗಳನ್ನು ಮೌಖಿಕ ಪರೀಕ್ಷೆಗೆ ಮೊದಲೇ ಪಡೆದುಕೊಳ್ಳಬೇಕು. ಸರ್ವರ್ ಮತ್ತು ಜಾಲತಾಣದ ಹೆಸರು ವಿದ್ಯಾರ್ಥಿಯ ಹೆಸರಿನಲ್ಲಿದ್ದರೆ ನವೀಕರಣದ ಸೂಚನೆ ಆತನ ಹಳೆಯ ಮಿಂಚಂಚೆಗೆ ಹೋಗುತ್ತದೆ. ಊರಿನವರಿಗೆ ತಿಳಿಯುವ ಹೊತ್ತಿಗೆ ಎರಡು ಮಳೆಗಾಲದ ದಾಖಲೆ ಅಳಿಸಿಹೋಗಿರಬಹುದು. ಅವು ಸಂಘದ ಹೆಸರಿನಲ್ಲಿಯೇ ಇರತಕ್ಕದ್ದು. ಸದಸ್ಯರ ಹೆಸರು, ಮೊಬೈಲ್ ಸಂಖ್ಯೆ, ತೋಟದ ವಿವರಗಳನ್ನು ವಿದ್ಯಾರ್ಥಿಗಳಿಗೆ ಕೊಡುವ ಮೊದಲು ಸದಸ್ಯರ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಬೇಕು. ಡಿಜಿಟಲ್ ರೂಪದ ವೈಯಕ್ತಿಕ ದತ್ತಾಂಶದ ಸಂರಕ್ಷಣೆಗೆ 2023ರಲ್ಲಿ ಪ್ರತ್ಯೇಕ ಅಧಿನಿಯಮವೇ ರೂಪುಗೊಂಡಿದೆ. ಆಧಾರ್ ಸಂಖ್ಯೆಯಂತೂ ಇಂತಹ ಕೆಲಸಕ್ಕೆ ಬೇಕಾಗಿಲ್ಲ, ಕೊಡಲೇಬಾರದು.

ಈ ಭಾಗದ ವಿದ್ಯಾರ್ಥಿಗಳ ಗಮನಕ್ಕೆ

ಯಲ್ಲಾಪುರ, ಶಿರಸಿ, ಸಿದ್ದಾಪುರ ತಾಲೂಕುಗಳಿಂದ ಹೊರಗೆ ಹೋಗಿ ಇಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿಗಳು ತಮ್ಮ ಊರಿನ ಸಂಘದಿಂದ ಮೇಲ್ಕಂಡ ಪತ್ರವನ್ನು ಪಡೆದು, ತಾವೇ ತಮ್ಮ ವಿಭಾಗಕ್ಕೆ ಸಲ್ಲಿಸಬಹುದು. ಎಲ್ಲ ಮಾರ್ಗಗಳಿಗಿಂತ ಇದು ಸುಲಭವಾದುದು. ಊರಿನ ಮಾತು, ದಾರಿ, ಮಳೆ ಮೂರನ್ನೂ ಬಲ್ಲ ಒಬ್ಬರು ತಂಡದಲ್ಲಿದ್ದರೆ ಉಳಿದವರಿಗೆ ವಿವರಿಸುವ ಶ್ರಮ ತಪ್ಪುತ್ತದೆ. ಪದವಿ ಮುಗಿದ ಮೇಲೂ ಆ ಒಬ್ಬರು ಹಬ್ಬಕ್ಕಾದರೂ ಊರಿಗೆ ಬರುತ್ತಾರೆ.

ಉತ್ತರ ಬಾರದಿದ್ದಲ್ಲಿ

ಪ್ರಾಜೆಕ್ಟ್ ನೆರವು ಕಾಲಮಿತಿಯಲ್ಲಿ ಪಡೆಯುವ ಹಕ್ಕಿನ ಸೇವೆಯಲ್ಲ. ಸಕಾಲದ ಅಡಿಯಲ್ಲಿ ಇದಕ್ಕೆ ಮೇಲ್ಮನವಿ ಸಲ್ಲಿಸಲು ಬರುವುದಿಲ್ಲ. ವಿಷಯವನ್ನು ಒಪ್ಪುವುದು ಬಿಡುವುದು ವಿಭಾಗದ ವಿವೇಚನೆಗೆ ಸೇರಿದ್ದು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದಲ್ಲಿ ಮುಖ್ಯಸ್ಥರನ್ನು ಖುದ್ದಾಗಿ ಭೇಟಿ ಮಾಡಬಹುದು. ಹೋಗುವಾಗ ಸರದಿ ಬರೆದಿಟ್ಟ ಡೈರಿಯನ್ನು ಜೊತೆಗೆ ಕೊಂಡೊಯ್ಯಬೇಕು. ಒಂದು ವಿಭಾಗ ನಿರಾಕರಿಸಿದರೆ ಅದೇ ಪತ್ರವನ್ನು ಇನ್ನೊಂದು ಕಾಲೇಜಿಗೆ ಕಳುಹಿಸಲು ಅಡ್ಡಿಯಿಲ್ಲ. ಆದರೆ ಇಬ್ಬರೂ ಒಪ್ಪಿದಲ್ಲಿ ಒಬ್ಬರಿಗೆ ಕೂಡಲೇ ಪತ್ರ ಬರೆದು ತಿಳಿಸತಕ್ಕದ್ದು. ಇಲ್ಲವಾದರೆ ಎರಡು ತಂಡಗಳು ಒಂದೇ ತೋಟಕ್ಕೆ ಬಂದು ನಿಲ್ಲುತ್ತವೆ.